ಬೆಚ್ಚಗಿನ ದನಿಯ ಅಯಸ್ಕಾಂತ

ನಮ್ಮ ಅಕ್ಕನ ಗಂಡನನ್ನು ಬೀದಿಯವರೆಲ್ಲ ಕಿವಿಯಪ್ಪ ಎಂದೇ ಕರೆಯುವುದು. ಎಲೆಕ್ಟ್ರಿಕ್ ಗಿಟಾರ್ ರಿಪೇರಿ ಅವರ ಕಸುಬು; ಪಿಕಪ್ ಮಾಡುವುದರಲ್ಲಿ ಎತ್ತಿದ ಕೈ. ಪಿಕಪ್ ಎಂದರೆ ಗಿಟಾರಿನ ತಂತಿಗಳ ಕೆಳಗೆ ಕೂರುವ ಸಣ್ಣ ಪೆಟ್ಟಿಗೆ. ಒಳಗೊಂದು ಅಯಸ್ಕಾಂತ, ಜೊತೆಗೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಅದರಲ್ಲೂ ತಂತಿಗಳ ಬುಡವನ್ನು ಹೊತ್ತ ಬ್ರಿಜ್ಜಿನ ಪಕ್ಕದ ಪಿಕಪ್ ಇದೆಯಲ್ಲ, ಅದಕ್ಕೆ ಹುಟ್ಟಿನಿಂದಲೇ ಕಿರುಚುವ ಬುದ್ಧಿ. ಅದನ್ನು ಪಳಗಿಸಿ ಬೆಚ್ಚಗಿನ ದನಿ ಬರಿಸಲು ಭಾವನೇ ಆಗಬೇಕು ಎಂಬ ಮಾತಿತ್ತು. ಆ ಮಾತನ್ನು ಹೆಚ್ಚಾಗಿ ಆಡುತ್ತಿದ್ದವರು ಭಾವನೇ.

ಮನೆಯ ಮುಂದಿನ ಕೋಣೆಯೇ ಅಂಗಡಿ; ಕೈಗೆಲಸಕ್ಕೆಂದು ನಾನೂ ಅಲ್ಲೇ ಇರುತ್ತಿದ್ದೆ. ಕಿಟಕಿಯ ಹತ್ತಿರ ಕೂತು ತಂತಿ ಸುತ್ತುವುದು ಅಕ್ಕನ ಕೆಲಸ. ತಂತಿ ತುಂಡಾದೀತೆಂದು ಉಸಿರೂ ಜೋರಾಗಿ ಬಿಡುವುದಿಲ್ಲ. ಅಯಸ್ಕಾಂತ ಆರಿಸುವುದು ಮಾತ್ರ ಭಾವನ ಹಕ್ಕು. ಬೂದು ಬಣ್ಣದ್ದಕ್ಕೆ ಶಕ್ತಿ ಕಡಿಮೆ, ದನಿ ಮೆತ್ತಗೆ. ಕಪ್ಪನೆಯದು ಬಲವಾದದ್ದು, ದನಿ ಚೂಪು. ಒಂದೊಂದನ್ನೂ ಹಾಕಿ, ಬಾರಿಸಿ, ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ನಡುವೆ ಅಕ್ಕ ಬಾಯಿ ಹಾಕಿದರೆ "ನಿನಗ್ಯಾಕೆ ಇದೆಲ್ಲ" ಅನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ.

ಈಚೆಗೆ ಗಿಟಾರುಗಳು ವಾಪಸ್ ಬರತೊಡಗಿದವು. ದನಿ ಕಿವಿಗೆ ಚುಚ್ಚುತ್ತದೆ ಎಂಬುದೇ ಎಲ್ಲರ ದೂರು. ಭಾವ ಒಮ್ಮೆ ತಂತಿಯನ್ನು ಬೈದರು, ಒಮ್ಮೆ ಗಿರಾಕಿಯ ಸ್ಪೀಕರನ್ನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗಂತೂ ರೇಗಿಹೋಗಿತ್ತು.

ಕೊನೆಗೆ ಹೋಟೆಲಿನಲ್ಲಿ ಗಿಟಾರ್ ನುಡಿಸುವ ಹಳೆಯ ಗಿರಾಕಿಯೂ ಬಂದ. "ಇನ್ನೊಂದು ಸಲ ನೋಡಿ. ಆಗ್ಲಿಲ್ಲ ಅಂದ್ರೆ ಬೇರೆ ಕಡೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದು ಗಿಟಾರ್ ಇಟ್ಟು ಹೋದ. ಅವನು ಕೈಬಿಟ್ಟರೆ ಉಳಿದವರೂ ಅವನ ಹಿಂದೆಯೇ, ಅಂಗಡಿಗೆ ಬೀಗ.

ಭಾವ ಪಿಕಪ್ ಬಿಚ್ಚಿದರು. ಅಕ್ಕ ಇಣುಕಿದಳು.

"ರೀ, ಕಪ್ಪು ಮ್ಯಾಗ್ನೆಟ್ ಹಾಕಿದ್ದೀರಲ್ಲ?"

"ಬೂದು ಹಾಕಿದ್ರೆ ದನಿಗೆ ಜೀವಾನೇ ಇರಲ್ಲ."

"ಸರಿ, ಆ ಕಡೆ ತಿರುಗಿ ಕೂತ್ಕೊಳ್ಳಿ. ನೋಡದೆ ಬರೀ ಕೇಳಿ ಹೇಳಿ."

ಯಾಕೋ ಭಾವ ಎದುರಾಡದೆ ಗೋಡೆಗೆ ಮುಖ ಮಾಡಿ ಕೂತರು. ಅಕ್ಕ ಬೂದು ಅಯಸ್ಕಾಂತ ಹಾಕಿದಳು, ನನಗೆ ಬರುವ ನಾಲ್ಕು ಸ್ವರ ನಾನು ಬಾರಿಸಿದೆ. ಮೆತ್ತಗೆ, ತುಂಬಿಕೊಂಡು ಬಂತು.

"ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗಿದೆ" ಎಂದರು ಭಾವ.

ಅಕ್ಕ ಕಪ್ಪನ್ನು ಹಾಕಿದಳು. ಬಾರಿಸಿದ ನನಗೇ ಹಲ್ಲು ಜುಮ್ಮೆಂದಿತು.

"ಇದು ನೋಡು. ಎಷ್ಟು ಬೆಚ್ಚಗಿದೆ" ಎಂದು ಭಾವ ನಗುತ್ತ ಈ ಕಡೆ ತಿರುಗಿದರು. ಅಕ್ಕನ ಕೈಯಲ್ಲಿ ಉಳಿದಿದ್ದದ್ದು ಬೂದು. ಬೆಚ್ಚಗಿದೆ ಎಂದು ತಾನು ಹೊಗಳಿದ್ದು ಚೂಪು ದನಿಯ ಕಪ್ಪನ್ನು ಎಂದು ತಿಳಿದು ಅವರ ನಗು ನಿಂತಿತು.

"ಈಗಿಂದು ನಿನಗೆ ಚುಚ್ತಾ?"

"ಹೂಂ."

"ನಿನಗೂ?" ಎಂದು ನನ್ನನ್ನು ಕೇಳಿದರು. ತಲೆಯಾಡಿಸಿದೆ.

"ಮೊದಲೇ ಹೇಳೋದಲ್ವಾ?"

"ಹೇಳಿದ್ದೆ. ನೀವು ಕಿವಿಗೆ ಹಾಕ್ಕೊಳ್ಲಿಲ್ಲ" ಎಂದಳು ಅಕ್ಕ.

ವಯಸ್ಸಿನ ಜೊತೆ ಚೂಪು ದನಿಗಳು ಭಾವನ ಕಿವಿಗೆ ಬೀಳುವುದು ನಿಂತಿತ್ತು. ಎಲ್ಲ ಗಿಟಾರೂ ಮಂಕಾಗಿ ಕೇಳುತ್ತಿದ್ದುದರಿಂದ ಎಲ್ಲದಕ್ಕೂ ಬಲವಾದ ಅಯಸ್ಕಾಂತವನ್ನೇ ಹಾಕುತ್ತ ಹೋಗಿದ್ದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪಾಪ ಅನ್ನಿಸಿತು. ಭಾವ ಅಯಸ್ಕಾಂತದ ಡಬ್ಬಿಯನ್ನು ಅಕ್ಕನ ಕಡೆ ಸರಿಸಿದರು.

"ನೀನೇ ಆರಿಸು."

ಮರುದಿನ ಗಿರಾಕಿ ಬಂದು, ಅಕ್ಕ ಬೂದು ಹಾಕಿಟ್ಟಿದ್ದ ಗಿಟಾರ್ ಬಾರಿಸಿದ. ಮತ್ತೆ ಮತ್ತೆ ಬಾರಿಸಿದ. "ಕಿವಿಯಪ್ಪನ ಕಿವಿ ಅಂದ್ರೆ ಕಿವಿ" ಎಂದ.

"ಮ್ಯಾಗ್ನೆಟ್ ಆರಿಸಿದ್ದು ಇವಳು. ನನಗೀಗ ಚೂಪು ದನಿ ಕೇಳ್ಸಲ್ಲ" ಎಂದರು ಭಾವ.

ಗಿರಾಕಿ ತಮಾಷೆಯೆಂದುಕೊಂಡು ನಕ್ಕ. ನಾವು ಯಾರೂ ನಗಲಿಲ್ಲ. ಭಾವ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಅವನು ಅಕ್ಕನ ಮುಖ ನೋಡಿದ.

"ಚುಚ್ಚುತ್ತೆ ಅಂದವರಿಗೆಲ್ಲ ಹೇಳಿ, ತಂದುಕೊಡಲಿ, ನಾನು ನೋಡ್ತೀನಿ" ಎಂದಳು ಅಕ್ಕ.