ಎರಡು ಕೃತಿಗಳ ನಡುವಿನ ಉಸಿರು

ಸಂಗೀತ ಸ್ಪರ್ಧೆಯವರ ಆ ಪತ್ರವನ್ನು ನಾನು ಇಂದಿಗೂ ಹರಿದು ಹಾಕಿಲ್ಲ. ಒಂದೇ ಹಾಳೆ, ಏಳು ಸಾಲು. ಮೊದಲ ಸಾಲಿನಲ್ಲಿಯೇ ನನ್ನನ್ನು ಗಂಡಸೆಂದು ಸಂಬೋಧಿಸಿದ್ದಾರೆ. ಅರ್ಜಿಯಲ್ಲಿ ನಾನು ಶ್ರೀಮತಿ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದೆ. ಅದನ್ನು ಬೇಕಾದರೆ ಕ್ಷಮಿಸಬಹುದು. ನಾಲ್ಕನೆಯ ಸಾಲನ್ನು ಕ್ಷಮಿಸಲಾರೆ. ತಮ್ಮಿಂದ ಒಂದೇ ಕೃತಿ ಬಂದಿದೆ, ಎರಡನೆಯದು ಬಾರದ ಕಾರಣ ತಮ್ಮ ತಂಡವನ್ನು ಪರಿಗಣಿಸಲು ಬರುವುದಿಲ್ಲ ಎಂಬುದು ಅದರ ಸಾರಾಂಶ. ಎರಡೂ ಕೃತಿಗಳು ಹೋಗಿದ್ದವು. ಹೋದವು ಮತ್ತೆ ಬರಲಿಲ್ಲ.

ನಾವು ಮೂವರಿದ್ದೆವು. ನಾನು ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದೆ. ನನ್ನ ವಾದ್ಯ ವಯೊಲಿನ್. ತಬಲಾ ನುಡಿಸುವವರು ಬನಹಟ್ಟಿಯ ನೇಕಾರರು, ಮನೆಯ ಹಿಂಭಾಗದಲ್ಲಿಯೇ ಅವರ ನಾಲ್ಕು ಮಗ್ಗಗಳಿದ್ದವು. ಕೊಳಲಿನವರು ಬೀಳಗಿ ತಾಲ್ಲೂಕಿನ ಒಂದು ಹೊಳೆದಂಡೆಯ ಹಳ್ಳಿಯವರು. ಕುರಿಗಾಹಿಗಳ ದೇವರಾದ ಬೀರೇಶ್ವರನಿಗೆ ನಡೆದುಕೊಳ್ಳುವ, ಹೊಲವನ್ನೂ ಕುರಿಯನ್ನೂ ಇಟ್ಟುಕೊಂಡಿದ್ದ ಮನೆತನ. ಮುಧೋಳದ ಹತ್ತಿರದ ಮಠವೊಂದರಲ್ಲಿ ಶ್ರಾವಣದ ಕಾರ್ಯಕ್ರಮಕ್ಕೆ ಕರೆಸಿದ್ದ ಗಾಯಕರು ಬರದೇ ಹೋದಾಗ ಸಂಘಟಕರು ನಮ್ಮನ್ನು ಒಂದೇ ಜಮಖಾನದ ಮೇಲೆ ಕೂಡಿಸಿದ್ದರು. ಅವರು ಅಂದ ಮಾತು ನನಗೆ ಅಕ್ಷರಶಃ ನೆನಪಿದೆ: "ಊಟಾ ಬಡಸೂತನಾ ಏನರೆ ನುಡಸ್ರಿ." ಪತ್ರಾವಳಿಯ ಸಪ್ಪಳದಲ್ಲಿ ನಾವು ನುಡಿಸಿದೆವು. ಸಾರು ಬಡಿಸುವವನೊಬ್ಬ ಬಕೆಟ್ಟು ಹಿಡಿದುಕೊಂಡೇ ನಿಂತು ಕೇಳಿದ. ಅವನೊಬ್ಬನನ್ನು ಬಿಟ್ಟರೆ ಆ ಮಧ್ಯಾಹ್ನ ನಮ್ಮನ್ನು ಕೇಳಿದವರು ನಾವು ಮೂವರೇ.

ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆಗೆ ಬನಹಟ್ಟಿಯಲ್ಲಿ ಕೂಡತೊಡಗಿದೆವು. ಅಮಾವಾಸ್ಯೆಗೆ ಅಲ್ಲಿ ಮಗ್ಗ ಹೂಡುವುದಿಲ್ಲ. ಉಳಿದ ದಿನಗಳಲ್ಲಿ ಇಡೀ ಓಣಿ ಖಟಖಟ ಎನ್ನುತ್ತಿರುತ್ತದೆ. ಪಕ್ಕದವರ ಮಾತೂ ಕೇಳಿಸದು. ಆ ಒಂದು ದಿನ ಮಾತ್ರ ಲಾಳಿ ನಿಂತು, ಮಗ್ಗಗಳಿಗೆ ಪೂಜೆಯಾಗಿ, ಊದುಬತ್ತಿಯ ವಾಸನೆಯ ನಡುವೆ ನಮಗೆ ತಂಬೂರಿಯ ಷಡ್ಜ ಕೇಳಿಸುವಷ್ಟು ಜಾಗ ಸಿಗುತ್ತಿತ್ತು. ನಾನು ಮುಂಜಾನೆಯ ಬಸ್ಸಿಗೆ ಹೊರಡುತ್ತಿದ್ದೆ. ಕೊಳಲಿನವರು ಎರಡು ಬಸ್ಸು ಬದಲಿಸಿ, ಕಂಬಳಿಯಲ್ಲಿ ಕೊಳಲು ಸುತ್ತಿಕೊಂಡು ಬರುತ್ತಿದ್ದರು. ತಡವಾದರೆ ತಬಲಾದವರು ಸುಮ್ಮನಿರುವವರಲ್ಲ.

"ಏನಪಾ, ಕುರಿ ಮ್ಯಾಲ ಕುಂತ ಬಂದೀಯೇನ?"

"ಕುರಿ ಆದ್ರ ಲಗೂನ ಬರತಿದ್ದೆ. ನಿಮ್ಮ ಕಡಿ ಬಸ್ಸಿಗಿ ಎತ್ತ ಹೂಡ್ಯಾರ."

ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾದ ಕೆಲವು ವರ್ಷಗಳಿಗೆ ಜಮಖಂಡಿಯ ಕಾಲೇಜೊಂದರ ಅಧ್ಯಾಪಕರು ನನ್ನ ಕೈಗೆ ಒಂದು ನಿಯಮಾವಳಿ ಕೊಟ್ಟರು. ಯುರೋಪಿನ ಒಂದು ಪಟ್ಟಣದಲ್ಲಿ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆ. ಅಲ್ಲಿಯವರು ಅದನ್ನು ಚೇಂಬರ್ ಮ್ಯೂಸಿಕ್ ಎನ್ನುತ್ತಾರೆ: ಸಭಾಭವನಕ್ಕಲ್ಲ, ಒಂದು ಕೋಣೆಗೆ ಸಾಲುವ ಸಂಗೀತ. ಕೆಲವೇ ವಾದಕರು, ಮುಂದೆ ನಿಂತು ಕೋಲು ಆಡಿಸುವವರಿಲ್ಲ, ಒಬ್ಬೊಬ್ಬರದು ಒಂದೊಂದೇ ಪಾಲು. ಯಾವ ದೇಶದ ಶಾಸ್ತ್ರೀಯ ಸಂಪ್ರದಾಯವಾದರೂ ಸರಿ. ಒಂದು ಹಳೆಯ ಕೃತಿಯನ್ನೂ ಈ ಕಾಲದಲ್ಲಿ ರಚಿಸಿದ ಒಂದು ಹೊಸ ಕೃತಿಯನ್ನೂ ಜೋಡಿಸಿ ನುಡಿಸಬೇಕು. ಮೊದಲ ಸುತ್ತಿಗೆ ಕ್ಯಾಸೆಟ್ಟು ಕಳಿಸಿದರೆ ಸಾಕು. ನಾನು ಓದುತ್ತಿರುವುದನ್ನು ಕಂಡು ಅಧ್ಯಾಪಕರು ನಕ್ಕರು. "ಅಕ್ಕಾರ, ಇದು ನಮ್ಮಂಥವರಿಗೆ ಅಲ್ಲ ಬಿಡ್ರಿ. ಇಂಗ್ಲಿಷ್ ಛಲೋ ಐತಿ ಅಂತ ತೋರಸಾಕ ಕೊಟ್ಟೆ."

ಆ ನಗೆಗೇ ನಾನು ಅರ್ಜಿ ತುಂಬಿದೆನೆಂದರೆ ಸುಳ್ಳಲ್ಲ. ಪೂರ್ತಿ ಸತ್ಯವೂ ಅಲ್ಲ. ಒಂದು ಕೋಣೆ, ಕೆಲವೇ ಮಂದಿ, ಹಳೆಯದರ ಜೊತೆಗೆ ಹೊಸದು ಎಂದು ಓದಿದಾಗ, ನಮ್ಮನ್ನು ನೋಡದೆಯೇ ಯಾರೋ ನಮ್ಮ ಬಗ್ಗೆ ಬರೆದಿದ್ದಾರೆ ಎನ್ನಿಸಿತ್ತು. ಜೀವನದಲ್ಲಿ ನನಗೆ ಹಾಗೆ ಅನ್ನಿಸಿದ್ದು ಆ ಒಮ್ಮೆ ಮಾತ್ರ.

ಹಳೆಯ ಕೃತಿಗೆ ನನ್ನ ಗುರುಗಳಿಂದ ಬಂದ ಭೀಮಪಲಾಸ ರಾಗದ ಒಂದು ಬಂದಿಶನ್ನು ಆರಿಸಿದೆವು. ಹೊಸದನ್ನು ಕೊಳಲಿನವರೇ ಮಾಡಿದರು. ಮಾಡಿದರು ಎನ್ನುವುದಕ್ಕಿಂತ ಅದು ಅವರಲ್ಲಿ ಮೊದಲೇ ಇತ್ತು. ಐದಾರು ಅಮಾವಾಸ್ಯೆಗಳಲ್ಲಿ ಅಷ್ಟಷ್ಟಾಗಿ ಹೊರಗೆ ಬಂತು. ಕುರಿಗಳನ್ನು ಹೊಳೆ ದಾಟಿಸುವಾಗ ಆಚೆ ದಂಡೆಯಲ್ಲಿ ನಿಂತು ಕೂಗುವ ಕೂಗಿನಿಂದ ಅದು ಮೊದಲಾಗುತ್ತಿತ್ತು. ಅವರು ಕರೆಯುವುದು, ನಾನು ಈಚೆಯಿಂದ ಓಗೊಡುವುದು, ತಬಲಾ ನಡುವಿನ ನೀರಿನಲ್ಲಿ ಕಾಲಿಡುತ್ತ ಬರುವುದು. ಸ್ವರ ಬರೆದುಕೊಳ್ಳುತ್ತೇನೆಂದು ನಾನು ಎರಡು ಸಲ ಕೇಳಿದೆ.

"ಬ್ಯಾಡ್ರಿ ಅಕ್ಕಾರ. ಬರದ್ರ ಅಲ್ಲೇ ನಿಂತಬಿಡತೈತಿ."

ಹೆಸರೇನೆಂದು ಕೇಳಿದೆ, ಅರ್ಜಿಯಲ್ಲಿ ಅದಕ್ಕೊಂದು ಖಾಲಿ ಜಾಗವಿತ್ತು. ಅವರ ಮನೆಯ ಗೋಡೆಗೆ ಆಗಲೇ ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯ ಅಳತೆಯವರು ಅಂಕಿ ಬರೆದು ಹೋಗಿದ್ದರು. ನಾನು ‘ಹಿನ್ನೀರು’ ಎಂದು ಸೂಚಿಸಿದೆ. ಅವರು ಒಪ್ಪಲಿಲ್ಲ. "ನೀರಿಗಿ ಯಾಕ್ರಿ ಹೆಸರಿಡೂದು? ನಾ ಕರಿಯೂದು ಕುರಿಗಿ." ಕೊನೆಗೆ ‘ಕರೆ’ ಎಂದಷ್ಟೇ ಬರೆದೆ.

ಧ್ವನಿಮುದ್ರಣಕ್ಕೆ ನಮಗೆ ಉಳಿದದ್ದು ಒಂದೇ ಅಮಾವಾಸ್ಯೆ. ಮುಂದಿನದು ಬರುವ ಹೊತ್ತಿಗೆ ಅರ್ಜಿಯ ಅವಧಿ ಮುಗಿಯುತ್ತಿತ್ತು. ಶಾಲೆಯ ಟೇಪ್ ರೆಕಾರ್ಡರನ್ನು ಲಿಖಿತ ಅನುಮತಿ ಪಡೆದು ಒಯ್ದಿದ್ದೆ. ಕುಳಿತುಕೊಳ್ಳುವ ಮುನ್ನ ನಿಯಮಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ. ಮೊದಲ ಕೃತಿ ಮುಗಿದ ಮೇಲೆ ನಿಲ್ಲಬೇಕು, ಸ್ವಲ್ಪ ಹೊತ್ತು ಮೌನವಿರಬೇಕು, ಆಮೇಲೆ ಎರಡನೆಯದು. ಇಬ್ಬರೂ ತಲೆಯಾಡಿಸಿದರು.

ನಮ್ಮ ಕಡೆಯ ಬೈಠಕ್ಕಿನಲ್ಲಿ ನಿಧಾನದ ವಿಲಂಬಿತದಿಂದ ವೇಗದ ದ್ರುತಕ್ಕೆ ಹೋಗುವಾಗ ಯಾರೂ ವಾದ್ಯ ಕೆಳಗಿಡುವುದಿಲ್ಲ. ಇಟ್ಟರೆ ಎದ್ದರೆಂದೇ ಅರ್ಥ. ಕೇಳುವವರು ಚಪ್ಪಲಿ ಹುಡುಕತೊಡಗುತ್ತಾರೆ. ಹಿಂದಿನದರ ಬಾಲ ಹಿಡಿದೇ ಮುಂದಿನದು ಬರಬೇಕು. ಬಾಲ್ಯದಿಂದ ಕೈಯಲ್ಲಿ ಇಳಿದ ಆ ರೂಢಿಯನ್ನು ಒಂದು ಕಾಗದ ಬಿಡಿಸಬಲ್ಲದೆಂದು ನಾನು ನಂಬಿದ್ದೆ.

ಭೀಮಪಲಾಸ ಮುಗಿಯಿತು. ಮೂರು ಸಲ ಮರುಕಳಿಸುವ ತಿಹಾಯಿಯ ಕೊನೆಯ ಪೆಟ್ಟು ಬಿತ್ತು, ನನ್ನ ಕಮಾನು ನಿಂತಿತು. ಕೊಳಲು ನಿಲ್ಲಲಿಲ್ಲ. ಅವರು ಷಡ್ಜವನ್ನು ಹಿಡಿದೇ ಇದ್ದರು. ಅದು ಸಣ್ಣದಾಗುತ್ತ, ಇನ್ನೇನು ಹರಿಯಿತು ಎನ್ನುವಷ್ಟು ತೆಳ್ಳಗಾಗಿ, ಅಲ್ಲಿಂದಲೇ ಹೊಳೆಯಾಚೆಯ ಕೂಗಾಗಿ ಎದ್ದಿತು. ಯಂತ್ರದ ಗುಂಡಿ ನನ್ನ ಕೈಗೆ ಎಟಕುತ್ತಿತ್ತು. ಒತ್ತಿ ನಿಲ್ಲಿಸಿ, ಮತ್ತೆ ಮೊದಲಿನಿಂದ ನುಡಿಸೋಣ ಎನ್ನಬಹುದಿತ್ತು. ಒತ್ತಲಿಲ್ಲ. ಅಷ್ಟು ವರ್ಷಗಳಲ್ಲಿ ಅವರು ಹಾಗೆ ನುಡಿಸಿದ್ದನ್ನು ನಾನು ಕೇಳಿರಲಿಲ್ಲ. ಕಮಾನು ಎತ್ತಿ ಓಗೊಟ್ಟೆ.

ಮುಗಿದ ಮೇಲೆ ತಬಲಾದವರೇ ಮೊದಲು ಮಾತಾಡಿದರು. "ನಡುವ ನಿಂದ್ರಬೇಕು ಅಂದಿದ್ರೆಲ್ಲರಿ ಅಕ್ಕಾರ?"

"ಅಂದಿದ್ರು ಖರೆ," ಎಂದರು ಕೊಳಲಿನವರು, ಬೆವರು ಒರೆಸಿಕೊಳ್ಳುತ್ತ. "ಆದ್ರ ಉಸುರು ಒಂದ ಇತ್ತು. ನಡಬರಕ ಹೆಂಗ ಹರೀಲಿ?"

ಇನ್ನೊಮ್ಮೆ ನುಡಿಸಲು ಕುಳಿತೆವು. ಅರ್ಧಕ್ಕೇ ಕರೆಂಟು ಹೋಯಿತು. ನನ್ನ ಕೊನೆಯ ಬಸ್ಸಿನ ಹೊತ್ತಾದರೂ ಅದು ಬರಲಿಲ್ಲ; ಮೊದಲು ನುಡಿಸಿದ್ದನ್ನೇ ಕಳಿಸಬೇಕಾಯಿತು.

ಕ್ಯಾಸೆಟ್ಟಿನ ಪ್ರತಿ ಮಾಡಿಸದೇ ಹೋದದ್ದು ನನ್ನ ತಪ್ಪು. ಜಮಖಂಡಿಯಲ್ಲಿ ಪ್ರತಿ ಮಾಡಿಕೊಡುವ ಅಂಗಡಿ ಇತ್ತು. ಆದರೆ ಆತನ ಯಂತ್ರ ರೀಲು ತಿನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಕಳಿಸುವುದೇ ಹಾಳಾದರೆ ಏನು ಗತಿ ಎಂದು, ಅತಿ ಜಾಗ್ರತೆಯಿಂದ, ಇದ್ದ ಒಂದನ್ನೇ ಬಟ್ಟೆಯಲ್ಲಿ ಹೊಲಿದು ಅಂಚೆಗೆ ಒಯ್ದೆ. ಅಂಚೆಯ ಗುಮಾಸ್ತರು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು.

"ಒಳಗ ಏನೈತ್ರಿ?"

"ಸಂಗೀತದ ಕ್ಯಾಸೆಟ್ಟು."

"ಯಾವ ಪಿಚ್ಚರಿಂದು?"

"ಯಾವ ಪಿಚ್ಚರಿಂದೂ ಅಲ್ಲ. ನಾವ ನುಡಿಸಿದ್ದು."

"ಹಂಗಾದ್ರ ಬೆಲಿ ಇಲ್ಲ ಅಂತ ಬರೀಲ್ರಿ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಪೊಟ್ಟಣದ ಚೀಟಿಯಲ್ಲಿ ಬರೆದೇಬಿಟ್ಟರು. ಆ ಚೀಟಿಯ ಅಡಿಪ್ರತಿಯೂ ನನ್ನಲ್ಲಿದೆ.

ನಾಲ್ಕು ತಿಂಗಳಿಗೆ ಏಳು ಸಾಲಿನ ಆ ಪತ್ರ ಬಂತು. ಹಳೆಯದನ್ನೂ ಹೊಸದನ್ನೂ ಜೋಡಿಸಿರೆಂದು ಕರೆದವರು, ಜೋಡಿಸಿದ್ದಕ್ಕೆ ತಳ್ಳಿಹಾಕಿದ್ದರು. ಪಕ್ಕಪಕ್ಕದಲ್ಲಿ ಎರಡು ಪೆಟ್ಟಿಗೆಗಳನ್ನಿಟ್ಟಿದ್ದರೆ ಅವರಿಗೆ ಕಾಣುತ್ತಿತ್ತು. ಒಂದರೊಳಗಿಂದ ಇನ್ನೊಂದು ಹುಟ್ಟಿದ್ದು ಕೇಳಿಸಲಿಲ್ಲ. ಕೊನೆಯವರೆಗೆ ಕೇಳಿದ್ದರೇ ಎಂಬ ಅನುಮಾನ ಇಂದಿಗೂ ನನಗಿದೆ.

ಪರರು ಆಡಿದ ಮಾತುಗಳನ್ನಷ್ಟೇ ಬರೆದಿಡುವುದು ನ್ಯಾಯವಲ್ಲ. ಆದ್ದರಿಂದ ಮರು ಅಮಾವಾಸ್ಯೆಗೆ ನಾನು ಆಡಿದ್ದನ್ನೂ ಬರೆಯುತ್ತೇನೆ. ಪತ್ರವನ್ನು ಓದಿ ಹೇಳಿ, ಕೊಳಲಿನವರ ಕಡೆ ತಿರುಗಿ, "ನಿಮ್ಮ ಒಂದು ಉಸಿರಿನಿಂದ ಮೂವರದೂ ಹೋಯಿತು" ಎಂದೆ. ತಬಲಾದವರು ಎದ್ದು ಚಹಾ ತರುವ ನೆಪದಲ್ಲಿ ಒಳಗೆ ಹೋದರು. ಗುಂಡಿಯನ್ನು ಒತ್ತದೇ ಇದ್ದವಳು ನಾನು ಎಂಬುದನ್ನು ಅವರಿಬ್ಬರಲ್ಲಿ ಯಾರೂ ನೆನಪಿಸಲಿಲ್ಲ. ನೆನಪಿಸಿದ್ದರೆ ನನಗೆ ಅದು ಇಷ್ಟು ವರ್ಷ ಉಳಿಯುತ್ತಿರಲಿಲ್ಲವೇನೋ.

ಆಮೇಲೂ ಕೊಳಲಿನವರು ಬರುತ್ತಿದ್ದರು. ಭೀಮಪಲಾಸ ನುಡಿಸುತ್ತಿದ್ದರು, ಕಾಫಿ ರಾಗ ನುಡಿಸುತ್ತಿದ್ದರು. ಹೊಸದನ್ನು ಮಾತ್ರ ನುಡಿಸಲಿಲ್ಲ. ನಾನು ಕೋಪವಿರಬೇಕೆಂದುಕೊಂಡೆ. ಒಂದು ಸಲ ನೇರವಾಗಿ ಕೇಳಿಯೂಬಿಟ್ಟೆ.

"ಸಿಟ್ಟಲ್ರಿ ಅಕ್ಕಾರ," ಎಂದರು. "ಅದನ್ನ ಕಳಿಸಿದ್ವೆಲ್ಲ? ದೇವರಿಗಿ ಬಿಟ್ಟ ಟಗರ ತಿರಗಿ ಹಟ್ಟಿಗಿ ಹೊಡಕೊಂಡ ಬರತಾರೇನ್ರಿ?"

"ಅವರು ತಗೊಳ್ಳಲೇ ಇಲ್ಲವಲ್ಲ."

"ತಗೊಳ್ಳೂದು ಬಿಡೂದು ಅವರದು. ನಾವಂತೂ ಬಿಟ್ವಿ."

ಕ್ಯಾಸೆಟ್ಟನ್ನಾದರೂ ಮರಳಿ ತರಿಸಿದರೆ ಅವರ ಮನಸ್ಸು ತಿರುಗೀತೆಂದು ಸ್ಪರ್ಧೆಯವರಿಗೆ ಮೂರು ಪತ್ರ ಬರೆದೆ. ಮೂರನೆಯದಕ್ಕೆ ಒಂದೂವರೆ ಸಾಲಿನ ಉತ್ತರ ಬಂತು: ಆ ವರ್ಷದ ಕ್ಯಾಸೆಟ್ಟುಗಳನ್ನು ಉಳಿಸಿಕೊಂಡಿಲ್ಲ. ಈ ಸಲ ಸಂಬೋಧನೆಯೇ ಇರಲಿಲ್ಲ.

ಅಷ್ಟರಲ್ಲಿ ಆಲಮಟ್ಟಿಯ ನೀರು ಏರಿ ಕೊಳಲಿನವರ ಊರು ಪುನರ್ವಸತಿ ಕೇಂದ್ರಕ್ಕೆ ಹೋಯಿತು. ಸಾಲುಸಾಲು ಮನೆ, ಸುತ್ತ ಎಲ್ಲಿಯೂ ಮೇವಿಲ್ಲ, ಕುರಿಗಳನ್ನು ಕೊಟ್ಟುಬಿಟ್ಟರು. ಮೇಲಿನ ಎದುರಿನ ಹಲ್ಲುಗಳು ಒಂದಾದ ಮೇಲೊಂದು ಬಿದ್ದು, ಕೊಳಲಿಗೆ ಗಾಳಿ ಸರಿಯಾಗಿ ಕೂಡದಂತಾಯಿತು. ಆಗಲೂ ಬರುತ್ತಿದ್ದರು. ಮಗ್ಗದ ಕಂಬಕ್ಕೆ ಒರಗಿ ಕುಳಿತು, ಕೈಯಿಂದ ತಾಳ ಹಾಕುತ್ತ, ನನ್ನ ಕಮಾನು ಎಲ್ಲಿಯಾದರೂ ತಡವರಿಸಿದರೆ ಒಂದು ಹುಬ್ಬು ಎತ್ತುತ್ತಿದ್ದರು. ನನ್ನನ್ನು ಹಾಗೆ ತಿದ್ದುವ ಅಧಿಕಾರ ನಾನು ಬೇರೆ ಯಾರಿಗೂ ಕೊಟ್ಟವಳಲ್ಲ. ನಾನು ನಿವೃತ್ತಳಾದ ಮರುವರ್ಷ ಅವರು ತೀರಿಕೊಂಡರು. ಸುದ್ದಿ ನಮಗೆ ಮುಟ್ಟಿದ್ದು ಮಣ್ಣಾಗಿ ಆರು ದಿನಗಳ ಮೇಲೆ. ತಿಳಿಸಬೇಕಾದವರ ಪಟ್ಟಿಯಲ್ಲಿ ನಾವಿಬ್ಬರು ಇರಲಿಲ್ಲ. ಇರಬೇಕಾಗಿತ್ತು.

ನನಗೆ ಬಹುಮಾನ ಬೇಕಾಗಿರಲಿಲ್ಲವೆಂದು ಹೇಳಿದರೆ ನಂಬುವವರು ಕಡಿಮೆ; ಆದರೂ ಹೇಳುತ್ತೇನೆ. ನನಗೆ ಬೇಕಾಗಿರುವುದು ಆ ಕೃತಿಯನ್ನು ಇನ್ನೊಮ್ಮೆ ಕೇಳುವುದು. ಅದು ಎಲ್ಲಿಯೂ ಇಲ್ಲ. ಇಂಥ ಸಂಗೀತದ ಸ್ವಭಾವವೇ ಹಾಗೆ: ನನಗೆ ಗೊತ್ತಿರುವುದು ನನ್ನ ಪಾಲು, ತಬಲಾದವರಿಗೆ ಅವರದು. ಓಗೊಡುವುದನ್ನು ಒಂದು ಸ್ವರವೂ ತಪ್ಪದಂತೆ ಇಂದಿಗೂ ನುಡಿಸಬಲ್ಲೆ. ಕರೆದದ್ದು ಹೇಗೆ ಎಂದು ಮಾತ್ರ ನುಡಿಸಲಾರೆ. ಬಸ್ಸಿನಲ್ಲಿ ಹೊಳೆಯ ಮೇಲಿನ ಚಿಕ್ಕಪಡಸಲಗಿಯ ಬ್ಯಾರೇಜು ದಾಟುವಾಗ, ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ನಿಂತ ಕೂಡಲೇ, ಅದರ ಮೊದಲ ತುಣುಕು ಬಂದಂತಾಗುತ್ತದೆ. ಹಿಡಿಯಹೋದರೆ ಕೋಮಲ ನಿಷಾದ ಸ್ವರದಿಂದ ಮುಂದೆ ಹೋಗುವುದಿಲ್ಲ.

ಹೋದ ಅಮಾವಾಸ್ಯೆಗೆ ಬನಹಟ್ಟಿಗೆ ಹೋಗಿದ್ದೆ. ನಮ್ಮಿಬ್ಬರ ಪಾಲುಗಳನ್ನಷ್ಟೇ ಜೋಡಿಸಿ ನೋಡೋಣ, ಅಂಚುಗಳು ಸರಿಯಾಗಿ ಕೂಡಿದರೆ ನಡುವಿನದರ ಆಕಾರವಾದರೂ ಸಿಕ್ಕೀತು ಎಂದು ನಾನೇ ಹೇಳಿದೆ. ತಬಲಾದವರು ಒಪ್ಪಿ ತಾಳದ ಠೇಕಾ ಹಿಡಿದರು. ನನ್ನ ಮೊದಲ ಪ್ರವೇಶಕ್ಕೇ ತಪ್ಪಿತು. ಅವರು ಕೈ ನಿಲ್ಲಿಸಿದರು.

"ಎರಡ ಆವರ್ತನ ಆತಲ್ಲರಿ. ಯಾಕ ಬರಲಿಲ್ಲ?"

"ಎರಡಲ್ಲ, ಮೂರು. ಅವರು ಮೂರು ಆವರ್ತನ ಕರೀತಿದ್ರು. ಆಮೇಲೆ ನಾನು."

"ತಾಳಾ ಹಿಡದಾಂವ ನಾ ಇದ್ದೇನ್ರಿ ಅಕ್ಕಾರ. ಎರಡ. ಇಪ್ಪತ್ತ ಸಲ ಬಾರಿಸೇನಿ."

"ಇಪ್ಪತ್ತು ಸಲವೂ ಕಾದವಳು ನಾನು."

ಅವರು ಬಾಯಿಯೊಳಗೇ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಲೆಕ್ಕ ಅವರದೇ ಸರಿ ಇರಬೇಕು. ಅಂಥ ಕೈ ಮಾತ್ರೆ ತಪ್ಪುವುದಿಲ್ಲ ಎಂದು ನನಗೆ ಗೊತ್ತು. ಆದರೂ ನಾನು ಪಟ್ಟು ಬಿಡಲಿಲ್ಲ.

"ಆತ್ ಬಿಡ್ರಿ," ಎಂದರು ಅವರು. "ನಿಮಗ ಎಷ್ಟ ಬೇಕೋ ಅಷ್ಟ ಆಗಲಿ. ನಾ ಬಾರಸ್ತೇನಿ, ನೀವು ಬರೂವಾಗ ಬರ್ರಿ."

ಠೇಕಾ ಮತ್ತೆ ಮೊದಲಾಯಿತು. ಒಂದು ಆವರ್ತನ ಮುಗಿಯಿತು, ಎರಡು ಮುಗಿದವು. ಮೂರನೆಯದೂ ಮುಗಿದು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದಾಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಕರೆ ಇನ್ನೂ ಬಂದಿರಲಿಲ್ಲ; ಕಮಾನು ನನ್ನ ಮಡಿಲಲ್ಲಿಯೇ ಇತ್ತು. ಅವರು ನಾಲ್ಕನೆಯದನ್ನು ಹಿಡಿದರು.