ಎರಡನೆಯ ಬಸಪ್ಪ

ಸಿದ್ದಪ್ಪ ಸರ್ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಪ್ರೋಗ್ರಾಮನ್ನು ಪ್ರಿಂಟ್ ತೆಗೆಸಿ, ಸೈಕಲ್ಲಿನ ಹಳೆಯ ಕಡ್ಡಿಯನ್ನು ಸಾಲಿನಿಂದ ಸಾಲಿಗೆ ಜರುಗಿಸುತ್ತ, ಪುರಾಣ ಓದುವವರಂತೆ ಗಟ್ಟಿಯಾಗಿ ಓದುತ್ತಿದ್ದರು. ತಪ್ಪಿದ್ದಲ್ಲಿ ಕಡ್ಡಿ ನಿಲ್ಲುತ್ತಿತ್ತು. "ಇಲ್ಲಿ ಕುಂಟತೈತಿ ನೋಡವಾ."

ಸಿಂದಗಿಯ ಅವರ ಕಂಪ್ಯೂಟರ್ ಸೆಂಟರಿಗೆ ನಾನು ಸೇರಿದಾಗ ಇಸವಿ ಎರಡು ಸಾವಿರ ದಾಟಿತ್ತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಆ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ?

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿದವರಿಗೆ ಕೊಡುವ ನಿವೇಶನದ ಪಟ್ಟಿ ಟೈಪಿಗೆ ನಮ್ಮಲ್ಲಿಗೆ ಬಂದಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಾಗ ಒಂದು ‘ಪಿ’ ಬಿಟ್ಟು, ಎಷ್ಟೋ ಬಸಪ್ಪಂದಿರನ್ನು ನಾವೇ ‘ಬಸಪ’ ಮಾಡಿದ್ದೆವು. ತಿದ್ದಲು ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದು ಓಡಿಸಿದೆ. ಮರುದಿನ ಹಕ್ಕುಪತ್ರ ಅಚ್ಚಾಗಬೇಕು. ಪ್ರಿಂಟಿನಲ್ಲಿ ಒಂದು ಸಾಲು ಹೀಗಿತ್ತು: ‘ಬಸಪ್ಪ ತಂದೆ ಬಸಪ’.

"ಅಪ್ಪನ ಜಾಗಾದಾಗ ಮಗನ ಹೆಸರಽ ಹೊಡದಾರ್ರಿ ಸರ್. ಈ ಸಾಲು ತಗದ್ಬಿಡ್ತೇನಿ," ಎಂದೆ.

"ತಗದಿ ಅಂದ್ರ ಅವನ ಮನಿ ಜಾಗಾನೂ ಹೋತು. ತಂದಿ ತೀರಿದ ಮ್ಯಾಲ ಹುಟ್ಟಿರ್ತಾನ, ಅದಕ್ಕ ತಂದಿ ಹೆಸರಽ ಇಟ್ಟಾರ. ನನ್ನ ಪೂರ್ತಿ ಹೆಸರು ಕೇಳೀದಿ ಏನ? ಸಿದ್ದಪ್ಪ ಸಿದ್ದಪ್ಪ."

ಹಾಗಾದರೆ ತಂದೆಯ ‘ಬಸಪ’ ಯಾಕೆ ತಿದ್ದಲಿಲ್ಲ ಎಂದು ಹುಡುಕಿದೆ. ಸ್ಕ್ರಿಪ್ಟ್ ಓಡಿಸುವ ಎಂಜಿನ್ ಎಂಬ ಮೂಲ ಪ್ರೋಗ್ರಾಮಿನಲ್ಲೇ ಕೊರತೆಯಿತ್ತು. ಅದರ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ನಮೂನೆ ಕೊಟ್ಟರೆ ಹುಡುಕುವ ಸಲಕರಣೆ, ಸಾಲಿನಲ್ಲಿ ಮೊದಲು ಸಿಕ್ಕದ್ದನ್ನು ತಿದ್ದಿ ನಿಂತುಬಿಡುತ್ತಿತ್ತು. ಎಲ್ಲವನ್ನೂ ತಿದ್ದುವ ಮೆಥಡ್ ಅದರಲ್ಲಿ ಇರಲೇ ಇಲ್ಲ.

"ಇವನೊಬ್ಬನ್ನ ಕೈಲೆ ತಿದ್ದಲೇನ್ರಿ? ಇಲ್ಲಾ ಸ್ಕ್ರಿಪ್ಟ್ ಇನ್ನೊಮ್ಮೆ ಓಡಸಲೇನ್ರಿ?"

"ಇಂಥಾವ್ರು ಇನ್ನ ಎಷ್ಟ ಮಂದಿ ಅದಾರೋ! ಒಂದೊಂದ ಸಾಲಿಗೆ ಎಷ್ಟ ಸಲ ಅಂತ ಓಡಸ್ತಿ? ಎಂಜಿನ್ನಿನ ಕೋಡ್ ನಮ್ಮ ಹಂತೇಲೆ ಐತೆಲ್ಲ? ಇಲ್ಲದ್ದನ್ನ ನಾವಽ ಸೇರಸೂಣು."

ಊಟ ಬಿಟ್ಟು ಕುಳಿತು ಬರೆದೆ. ಓಡಿಸಿದರೆ ಯಂತ್ರ ಮಿಸುಕಲೊಲ್ಲದು. ಸರ್ ಅವರ ಕಡ್ಡಿ ಒಂದು ಸಾಲಿನ ಮೇಲೆ ನಿಂತಿತು. ತಿದ್ದುವ ಮೊದಲಿನ ಸಾಲನ್ನೇ ಪ್ರತಿ ಸಲವೂ ನಾನು ಆರಂಭದಿಂದ ಹುಡುಕಿಸುತ್ತಿದ್ದೆ; ಸಿಕ್ಕ ಹೆಸರೇ ಮತ್ತೆ ಮತ್ತೆ ಸಿಗುತ್ತಿತ್ತು.

"ಸಿಕ್ಕಾವನ್ನಽ ಎಷ್ಟ ಸಲ ಹುಡಕ್ತೀ? ಅವನ್ನ ದಾಟಿ ಮುಂದ ನಡಿಯವಾ!"

ದಾಟಿಸಿದೆ. ಎರಡನೆಯ ಬಸಪ್ಪನಿಗೆ ಅವನ ‘ಪಿ’ ಸಿಕ್ಕಿತು. ಅವನ ಹಿಂದೆಯೇ ನಾವು ಕಾಣದಿದ್ದ ಇನ್ನೂ ಒಂಬತ್ತು ಸಾಲು ಸರಿಯಾದವು. ಸರ್ ಚಹಾ ತರಿಸಿದರು, ಭಜಿಯನ್ನೂ.

ಮುಂದೆ ಅವರು ಮುದ್ದೇಬಿಹಾಳಕ್ಕೆ ಮಗಳ ಮನೆಗೆ ಹೋದರು. ಕೊನೆಯ ಸಲ ಸಿಕ್ಕದ್ದು ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ. ವರ್ಷದೊಳಗೆ ತೀರಿಕೊಂಡರು.

ಅಂದು ಬಸ್‌ಸ್ಟ್ಯಾಂಡಿನಲ್ಲಿ ತಾವಾಗಿಯೇ ಹೇಳಿದ್ದರು: "ಆ ಬಸಪ್ಪನ ಊರಿಗೆ ಹೋಗಿದ್ನೆವಾ. ಮನಿ ಕಟ್ಯಾನ. ಬಾಗಲಕ್ಕ ಹಸರ ಬಣ್ಣ ಹಚ್ಚ್ಯಾನ."

"ನಮ್ಮ ಸುದ್ದಿ ಹೇಳಿದ್ರೇನ್ರಿ ಸರ್?"

"ಏನಂತ ಹೇಳೂದು? ನೀರು ಕೊಟ್ಟಾ, ಕುಡದು ಬಂದ್ನಿ."