ಹೆರಿಗೆಯ ತಿಂಗಳು ಗೊತ್ತುಮಾಡಿದ ಐದು ಗಂಡಸರು

ಹೋದ ಸೋಮವಾರ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಮೀಟಿಂಗ್ ನಡೆಯಿತು. ವಿಷಯ: ನನ್ನ ಹೆಂಡತಿ ಕಸ್ತೂರಿಯ ಎರಡನೆಯ ಹೆರಿಗೆ. ಹಾಜರಿದ್ದವರು: ನಾನು, ನಮ್ಮ ಕಾಕಾ, ಕಾಕಾನ ಇಬ್ಬರು ಮಕ್ಕಳು, ಮತ್ತು ಚಹಾದ ವಾಸನೆಗೆ ಬಂದು ಕೂತ ಪಕ್ಕದ ತೋಟದ ಮಾಮಾ. ಒಟ್ಟು ಐದು ಮೀಸೆ. ಐವರಲ್ಲಿ ಒಬ್ಬರೂ ಈವರೆಗೆ ಹೆತ್ತವರಲ್ಲ.

(ಕಸ್ತೂರಿ ಇನ್ನೂ ಬಸಿರಾಗಿಲ್ಲ. ಆದರೆ ನಮ್ಮಲ್ಲಿ ಕೆಲಸ ಯಾವಾಗಲೂ ಅಡ್ವಾನ್ಸ್.)

ಕಾಕಾ ಗೋಡೆಯ ಕ್ಯಾಲೆಂಡರ್ ಇಳಿಸಿ ತೊಡೆಯ ಮೇಲೆ ಹರವಿಕೊಂಡರು. ನವೆಂಬರ್‌ನಿಂದ ಕಬ್ಬು ಕಡಿಯುವ ಸೀಜನ್, ಆಗ ಹೆರಿಗೆ ಬೇಡ. ಫೆಬ್ರವರಿ, ಮಾರ್ಚ್ ದ್ರಾಕ್ಷಿ ಇಳಿಸುವ ಕಾಲ, ಆಗಂತೂ ಬೇಡವೇ ಬೇಡ. ಏಪ್ರಿಲ್‌ನಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ. ಒಂದೊಂದೇ ತಿಂಗಳಿಗೆ ಗೀಟು ಹೊಡೆದು ಹೊಡೆದು ಕೊನೆಗೆ ಉಳಿದದ್ದು ಜುಲೈ. ಜುಲೈ ಪಾಸಾಯಿತು.

ಆಮೇಲೆ ಕಾಕಾ ಬೆರಳು ಮಡಚುತ್ತ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರು. ಅಕ್ಟೋಬರ್‌ಗೆ ಬಂದು ನಿಂತರು.

"ಅಕ್ಟೋಬರ್‌ನ್ಯಾಗ ಎರಡನೇ ಚಾಟ್ನಿ ಇರ್ತೈತ್ಯಲ್ಲಪಾ. ಇವ ತ್ವಾಟಾ ಬಿಟ್ಟು ಮನೀಗೆ ಬರೂದ ಡೌಟ್" ಅಂದರು ಮಾಮಾ.

ಐವರೂ ನಕ್ಕೆವು. ನಾನೂ ನಕ್ಕೆ. ಒಳಗಿನಿಂದ ಚಹಾ ತಂದ ಕಸ್ತೂರಿ ಮಾತ್ರ ನಗಲಿಲ್ಲ.

ಯಾಕೆ ನಗಲಿಲ್ಲ ಅಂದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲ ಹೆರಿಗೆ ತವರಿನದು, ಎರಡನೆಯದು ಗಂಡನ ಮನೆಯದು. ಇದು ನಮ್ಮ ಕಡೆಯ ಪದ್ಧತಿ. ಕಸ್ತೂರಿಯ ತವರು ನಮ್ಮ ತಾಲೂಕಿನದೇ ಅನಂತಪುರ. ಅಲ್ಲಿ ಸೂಲಗಿತ್ತಿ ಒಂದೂವರೆ ದಿನ ಹೆಣಗಿ ಕೈಸೋತು ಕೂತಳು. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಜೀಪು ಮಾಡಿಕೊಂಡು ಗಡಿಯಾಚೆ ಮಿರಜದ ದವಾಖಾನೆಗೆ ಒಯ್ದರು. ನಾನು ನಮ್ಮೂರು ಐಗಳಿಯಿಂದ ಹೋಗಿ ಮುಟ್ಟುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಮಗಳು ಉಳಿದಳು. ತಾಯಿಗೆ ಮೂರು ಬಾಟಲಿ ರಕ್ತ ಏರಿಸಿದರು, ಆಮೇಲೆ ಹೊಲಿಗೆ ಕೀವಾಯಿತು. ಇಪ್ಪತ್ತೆರಡು ದಿನ ಆಕೆ ದವಾಖಾನೆಯ ಕಾಟಿನ ಮೇಲೆ.

ಮನೆಗೆ ಬಿಡುವ ದಿನ ಡಾಕ್ಟರ್ ಬಾಯಿ (ಲೇಡಿ ಡಾಕ್ಟರಿಗೆ ನಮ್ಮಲ್ಲಿ ಹಾಗೇ ಅನ್ನುವುದು) ನನ್ನೊಬ್ಬನನ್ನೇ ಒಳಗೆ ಕರೆದರು. ಒಂದು ಕಾಗದ ಮುಂದಿಟ್ಟು, ಮರಾಠಿಯಲ್ಲಿ ಶುರುಮಾಡಿ ಇಂಗ್ಲಿಷ್‌ನಲ್ಲಿ ಮುಗಿಸಿ, ಕೊನೆಗೆ "ಸಮಜಲಂ ಕಾ?" ಅಂದರು. ತಿಳೀತಾ ಅಂತ.

ಓದುಗರೇ, ನನ್ನ ಸಾಲಿ ಆರನೆಯ ಇಯತ್ತೆಗೆ ಮುಗಿದದ್ದು. ಆದರೆ ಒಂದೆಕರೆ ಒಣ ಹೊಲವನ್ನು ನಾಲ್ಕೆಕರೆ ದ್ರಾಕ್ಷಿ ಮಾಡಿದ್ದು ಈ ಎರಡು ಕೈ. ಪೈಪ್‌ಲೈನಿನ ಕಾಲುವೆ ನಾನೇ ತೋಡಿದ್ದು. ಅಂಥವನು, ನಾಲ್ಕು ನರ್ಸುಗಳು ನೋಡುತ್ತಿರುವಾಗ, ಒಬ್ಬ ಹೆಣ್ಣುಮಗಳ ಮುಂದೆ ತಿಳಿಯಲಿಲ್ಲ ಅನ್ನುವುದುಂಟೆ?

"ಹೋ, ಸಮಜಲಂ" ಅಂದೆ. ಇಂಗ್ಲಿಷ್‌ನಲ್ಲಿ ಸಹಿ ಹಾಕಿದೆ. (ನನಗೆ ಬರುವ ಇಂಗ್ಲಿಷ್ ಅಷ್ಟೇ, ಆದರೆ ಬಹಳ ಚೆಂದ ಬರುತ್ತದೆ.) ಕಾಗದವನ್ನು ಒಯ್ದು ಟ್ರಂಕಿಗೆ ಹಾಕಿದೆ.

ಊರಿಗೆ ಬಂದರೆ ಎಲ್ಲರದೂ ಒಂದೇ ಪ್ರಶ್ನೆ. ಡಾಕ್ಟರು ಏನಂದರು? ಬರಿಗೈಯಲ್ಲಿ ನಿಲ್ಲುವುದು ನನಗೆ ಬಾರದು. "ಮುಂದಿಂದು ನಾರ್ಮಲ್ ಆಗತೈತಿ ಅಂದ್ರು" ಅಂತ ನನ್ನ ಕಿಸೆಯಿಂದಲೇ ತೆಗೆದು ಹೇಳಿಬಿಟ್ಟೆ.

ಅಷ್ಟೇ. ಆ ಒಂದು ಮಾತಿಗೆ ಎರಡು ವರ್ಷದಲ್ಲಿ ಬೇರು ಬಂದು, ಬಳ್ಳಿ ಹಬ್ಬಿ, ಈಗ ಕಾಯಿ ಬಿಡುವ ಹಂತಕ್ಕೆ ಬಂದಿತ್ತು. ಅವ್ವನ ಪ್ರಕಾರ ಬೀಗರು ಪುಕ್ಕಲು ಮಂದಿ, ಅದಕ್ಕೇ ದವಾಖಾನೆಗೆ ಓಡಿದರು. ಈ ಸಲ ಹೆರಿಗೆ ನಮ್ಮದು. ನಮ್ಮ ಸೂಲಗಿತ್ತಿ, ನಮ್ಮ ಪಡಸಾಲೆ. ಬೀಗರಿಗೆ ಒಂದು ಪಾಠ ಕಲಿಸಿದ ಹಾಗೂ ಆಯಿತು.

ಮೀಟಿಂಗಿನ ಮರುದಿನ ಬೆಳಿಗ್ಗೆ ನಾನು ತೋಟದಲ್ಲಿ ಬಳ್ಳಿಗೆ ಹೊಡೆಯುವ ಔಷಧ ಕಲಸುತ್ತಿದ್ದೆ. ಕಸ್ತೂರಿ ಬುತ್ತಿ ತಂದಳು. ಇಟ್ಟು ಹೋಗಲಿಲ್ಲ, ನಿಂತಳು.

"ಡಾಕ್ಟರ್ ಬಾಯಿ ಅಂದು ನಿಮಗ ಏನಂದ್ರು? ನಿಮ್ಮ ಮಾತಿನ್ಯಾಗ ಬ್ಯಾಡ. ಅವರ ಮಾತಿನ್ಯಾಗ ಹೇಳ್ರಿ."

ನಾನು ಬಕೆಟ್ಟಿನಲ್ಲಿ ಕೋಲು ಆಡಿಸಿದೆ.

"ಹೊಟ್ಟಿ ಕೊಯ್ದದ್ದು ನನಗ ಗೊತ್ತೈತಿ. ಒಳಗ ಏನ ಮಾಡ್ಯಾರ ಅನ್ನೂದು ನಿಮಗಷ್ಟ ಗೊತ್ತು. ಅದಕ್ಕ ಕೇಳಾಕತ್ತೀನಿ."

ಕೋಲು ನಿಂತಿತು. ಆಗ ನನ್ನ ಕಣ್ಣಿಗೆ ಬಿದ್ದದ್ದು ಕೈಯಲ್ಲಿದ್ದ ಔಷಧದ ಡಬ್ಬಿ. ಈ ಡಬ್ಬಿಯ ಮೇಲಿನ ಇಂಗ್ಲಿಷನ್ನು ಅಂಗಡಿಯವನಿಂದ ಮೂರು ಸಲ ಓದಿಸಿದ್ದೆ. ಎಷ್ಟು ನೀರಿಗೆ ಎಷ್ಟು ಗ್ರಾಂ ಅಂತ ಅನುಮಾನ ಬಂದು, ಅರ್ಧ ದಾರಿಯಿಂದ ಸೈಕಲ್ ತಿರುಗಿಸಿ ಮತ್ತೆ ಹೋಗಿ ಕೇಳಿದ್ದೆ. ಹೆಚ್ಚುಕಡಿಮೆಯಾದರೆ ಬಳ್ಳಿ ಸುಟ್ಟುಹೋಗುತ್ತದಲ್ಲ! ಅಲ್ಲಿ ನಾಚಿಕೆ ಬರಲಿಲ್ಲ. ಮಾನ ಹೋಗಲಿಲ್ಲ. ಬಳ್ಳಿಗಿದ್ದ ಕಾಳಜಿ ಹೆಂಡತಿಗೆ ಯಾಕಿರಲಿಲ್ಲ?

"ನನಗ ತಿಳೀಲಿಲ್ಲ. ಸುಳ್ಳ ಹೇಳೀನಿ" ಅಂದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮಿರಜಕ್ಕೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದಳು.

ಮಿರಜದಲ್ಲಿ ಡಾಕ್ಟರ್ ಬಾಯಿ ನಾನು ಟ್ರಂಕಿನಿಂದ ತೆಗೆದು ತಂದ ಕಾಗದ ನೋಡಿದರು, ನನ್ನನ್ನು ನೋಡಿದರು. ನಾನು ಬಂದ ಕಾರಣ ಹೇಳಿದೆ. "ಅಂದು ಸಮಜಲಂ ಅಂದಿದ್ದಿರಲ್ಲ" ಅಂತ ಮರಾಠಿಯಲ್ಲಿ ಚುಚ್ಚಿದರು. ಚುಚ್ಚಿಸಿಕೊಂಡೆ. ಈ ಸಲ ತಿಳಿಯದ ಕಡೆಯಲ್ಲೆಲ್ಲ ನಿಲ್ಲಿಸಿ ಕೇಳಿದೆ. ಅವರೂ ಬೇಸರಿಸದೆ ಚಿತ್ರ ಬರೆದು ತೋರಿಸಿದರು.

ಕೂಸು ಅಡ್ಡ ಇದ್ದದ್ದರಿಂದ ಗರ್ಭಚೀಲವನ್ನು ಮೇಲಿನಿಂದ ಕೆಳಗೆ ಉದ್ದಕ್ಕೆ ಕೊಯ್ದಿದ್ದಾರೆ. ಹೊರಗಿನ ಗಾಯ ನೋಡಿದರೆ ಅದು ಗೊತ್ತಾಗುವುದಿಲ್ಲ. ಇಂಥ ಚೀಲಕ್ಕೆ ಹೆರಿಗೆ ಬೇನೆ ಬಂದರೆ ಹಳೆಯ ಹೊಲಿಗೆ ಹರಿಯಬಹುದು. ಹರಿದರೆ ತಾಯಿ, ಕೂಸು ಇಬ್ಬರೂ ಕೈಬಿಟ್ಟು ಹೋಗಬಹುದು. ಆದ್ದರಿಂದ ಮನೆಯ ಹೆರಿಗೆ ಎಂಬ ಮಾತೇ ಇಲ್ಲ. ಬೇನೆ ಬರುವ ಮೊದಲೇ, ಅವರು ಹೇಳಿದ ದಿನ ಆಪರೇಷನ್. ಮಗಳಿಗೆ ಮೂರು ತುಂಬುವತನಕ ಬಸಿರಿನ ಸುದ್ದಿ ಎತ್ತುವಂತಿಲ್ಲ. ಮತ್ತು ರಕ್ತ ಮೊದಲೇ ರೆಡಿ ಇರಬೇಕು, ಕನಿಷ್ಠ ಮೂರು ಬಾಟಲಿ. ಯಾವ ಗುಂಪಿನದನ್ನಾದರೂ ಕೊಡಿ, ಬದಲಿಗೆ ಈಕೆಯ ಗುಂಪಿನದು ಸಿಗುತ್ತದೆ ಅಂದರು.

ಆಮೇಲೆ ಕಸ್ತೂರಿಯ ಕಡೆ ತಿರುಗಿ, ಮುರುಕು ಕನ್ನಡದಲ್ಲಿ, ನಿನಗೆ ಇನ್ನೊಂದು ಬೇಕೇನಮ್ಮ ಅಂತ ಕೇಳಿದರು. ಐದು ಮೀಸೆಗೂ ಹೊಳೆಯದ ಪ್ರಶ್ನೆ.

"ಬೇಕ್ರೀ ಬಾಯಾರ" ಅಂದಳು. "ಆದ್ರ ಅದನ್ನ ನೋಡಾಕ ನಾನೂ ಇರಬೇಕಲ್ರಿ."



ಮನೆ ಮುಟ್ಟಿದರೆ ಕಟ್ಟೆ ತುಂಬಿತ್ತು. ಜುಲೈ ಗ್ಯಾರಂಟಿ ಏನಲೇ ಅಂತ ಕಾಕಾ ಕೇಳಿದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಉದ್ದಗೊಯ್ತ, ಹೊಲಿಗೆ, ಬೇನೆ, ಎಲ್ಲ.

ಬಾಗಿಲಲ್ಲಿದ್ದ ಅವ್ವ ತಡೆದಳು. "ನಾರ್ಮಲ್ ಆಗತೈತಿ ಅಂತ ಡಾಕ್ಟರ ಅಂದಾರಂದಿದ್ದೆಲ್ಲೋ?"

"ಅವರು ಅಂದಿಲ್ಲಬೇ. ನಾನ ಅಂದೀನಿ."

ಅವ್ವ ಸೊಸೆಯ ಮುಖ ನೋಡಿದಳು. ಎರಡು ವರ್ಷ ಬೀಗರಿಗೆ ಪುಕ್ಕಲು ಅಂದದ್ದು ನೆನಪಾಗಿರಬೇಕು.

ಕಾಕಾ ಕ್ಯಾಲೆಂಡರ್ ಸುತ್ತಿದರು. ಡಾಕ್ಟರೇ ದಿನ ಹೇಳುವುದಾದರೆ ನಮ್ಮದೇನು ಕೆಲಸ ಅಂದರು. ನಿಮಗೂ ಕೆಲಸ ಇದೆ ಅಂದೆ. ಮೂರು ಬಾಟಲಿ ರಕ್ತ. ಒಂದು ನನ್ನದು. ಇನ್ನೆರಡಕ್ಕೆ ಈಗಲೇ ಹೆಸರು ಹೇಳಿರಿ.

ಅಬ್ಬಾ, ಆ ಕಟ್ಟೆಯ ಚುರುಕು ನೀವು ನೋಡಬೇಕಿತ್ತು! ಮಾಮಾರಿಗೆ ಸಕ್ಕರೆ ಕಾಯಿಲೆ ನೆನಪಾಯಿತು (ಆ ಚಹಾ ಅವರ ಮೂರನೆಯದು). ಕಾಕಾನ ಹಿರಿಯ ಮಗನಿಗೆ ಸೂಜಿ ಕಂಡರೆ ತಲೆ ತಿರುಗುತ್ತದಂತೆ. ಕಿರಿಯವನು ಎಮ್ಮೆಗೆ ನೀರು ತೋರಿಸಲು ಹೋದವನು ಇನ್ನೂ ಬಂದಿಲ್ಲ. ನಂದು ಹಳೇ ರಕ್ತ, ಅವರು ತಗೊಳ್ಳಂಗಿಲ್ಲ ಅಂದರು ಕಾಕಾ. ರುಮಾಲು ಕೊಡವಿ ಎದ್ದೇಬಿಟ್ಟರು.

ಕಟ್ಟೆ ಖಾಲಿ. ಅವ್ವ ಹೊರಗೆ ಬಂದಳು. ಕಾಕಾನಿಗಿಂತ ಎರಡು ವರ್ಷ ದೊಡ್ಡವಳು. ಸೆರಗು ಸರಿಸಿ, ಬಳೆ ಮೇಲಕ್ಕೇರಿಸಿ, ತೊಗಲು ಜೋತ ತೋಳನ್ನು ನನ್ನ ಮುಂದೆ ಚಾಚಿದಳು.

"ನಂದು ತಗೋತಾರೇನ ಕೇಳ್ಕೊಂಡ ಬಾ."

ವಂಶ ಬೆಳೆಸಲು ಇಷ್ಟು ಅವಸರ ಇದ್ದ ಗಂಡಸರಿಗೆ, ಒಂದು ಸೂಜಿಗೆ ಇಷ್ಟು ಭಯ ಯಾಕೆ?